ನೀರಿನ ಸಂಸ್ಥೆ ಕಟ್ಟುವ ಮೊದಲು ಒಪ್ಪಿಗೆಯ ಲೆಕ್ಕವಾಗಲಿ

ಮಾನ್ಯ ಸಂಪಾದಕರಿಗೆ,

ಬೇಸಿಗೆ ಬೆಳೆಗೆ ಭದ್ರಾ ಜಲಾಶಯದಿಂದ ಎಷ್ಟು ದಿನ ನೀರು ಬಿಡಬೇಕು ಎಂಬ ಚರ್ಚೆ ಎದ್ದಾಗಲೆಲ್ಲ, ಅಚ್ಚುಕಟ್ಟಿನ ನೀರಿನ ನಿರ್ವಹಣೆಯನ್ನು ರೈತರ ಸಂಸ್ಥೆಗಳಿಗೇ ವಹಿಸಿಬಿಡಬೇಕು ಎಂಬ ಸಲಹೆಯೂ ಅದರ ಬೆನ್ನಿಗೇ ಬರುತ್ತದೆ. ಸಲಹೆ ಸರಿಯಾದದ್ದೇ. ಆದರೆ ಅಂಥ ಸಂಸ್ಥೆಯೊಂದು ಹುಟ್ಟಬೇಕಾದರೆ ಕಾನೂನು ಏನೇನನ್ನು ಕೇಳಬೇಕು, ಯಾರ ಒಪ್ಪಿಗೆಯನ್ನು ಹೇಗೆ ಪಡೆಯಬೇಕು, ಒಪ್ಪದವರ ಮಾತನ್ನು ಯಾರು ಕೂತು ಕೇಳಬೇಕು ಎಂಬ ವಿಷಯ ಸಭೆಗಳಲ್ಲೂ ಪತ್ರಿಕೆಗಳಲ್ಲೂ ಅಷ್ಟಾಗಿ ಚರ್ಚೆಯಾಗುತ್ತಿಲ್ಲ. ನಾನು ವೃತ್ತಿಯಿಂದ ವಕೀಲ. ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದಲ್ಲಿ ನಮ್ಮ ಕುಟುಂಬಕ್ಕೆ ಗದ್ದೆಯಿದೆ. ಈ ಎರಡೂ ಕಾರಣಗಳಿಂದ ಸ್ಥಳೀಯ ನೀರಿನ ಸಂಸ್ಥೆಗಳ ಸ್ಥಾಪನೆಯ ಕಾನೂನನ್ನು ಆಸಕ್ತಿಯಿಂದ ಓದಿಕೊಂಡು ಬಂದಿದ್ದೇನೆ. ಅಮೆರಿಕದ ಕೊಲರಾಡೊ ರಾಜ್ಯ 1937ರಲ್ಲಿ ಮಾಡಿದ ವಾಟರ್ ಕನ್ಸರ್ವೆನ್ಸಿ ಕಾಯ್ದೆಯಿಂದ ನಾವು ಕಲಿಯಬೇಕಾದದ್ದೂ ಬಿಡಬೇಕಾದದ್ದೂ ಇದೆ ಎಂಬ ನಂಬಿಕೆಯಿಂದ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ವಾಟರ್ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ಎಂದರೆ ನಮ್ಮ ಕಂದಾಯ ಜಿಲ್ಲೆಯಂಥದ್ದಲ್ಲ. ಒಂದು ನೀರಿನ ಯೋಜನೆಯಿಂದ ಪ್ರಯೋಜನ ಪಡೆಯುವ ಭೂಪ್ರದೇಶವನ್ನೆಲ್ಲ ಒಂದು ಗಡಿಯೊಳಗೆ ತಂದು, ಆ ಪ್ರದೇಶಕ್ಕೆ ತನ್ನದೇ ಆಡಳಿತ ಮಂಡಳಿ, ತನ್ನದೇ ತೆರಿಗೆ, ತನ್ನ ಹೆಸರಿನಲ್ಲೇ ಒಪ್ಪಂದ ಮಾಡಿಕೊಳ್ಳುವ ಮತ್ತು ವ್ಯಾಜ್ಯ ಹೂಡುವ ಅಧಿಕಾರ ಕೊಡುವ ಶಾಸನಬದ್ಧ ಸ್ಥಳೀಯ ಸಂಸ್ಥೆ ಅದು. ಕೊಲರಾಡೊದಲ್ಲಿ ಇದರ ಅಗತ್ಯ ಬಂದದ್ದು 1930ರ ದಶಕದ ಭೀಕರ ಬರಗಾಲದಲ್ಲಿ. ಆ ರಾಜ್ಯದಲ್ಲಿ ಮಳೆ ಮತ್ತು ಹಿಮದ ನೀರಿನ ಬಹುಪಾಲು ರಾಕಿ ಪರ್ವತಗಳ ಪಶ್ಚಿಮ ಇಳಿಜಾರಿಗೆ ಹರಿದುಹೋದರೆ, ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆ ಬೆಳೆಯುವ ಹೊಲಗಳೂ ಗ್ರೀಲಿ, ಫೋರ್ಟ್ ಕಾಲಿನ್ಸ್, ಲವ್‌ಲ್ಯಾಂಡ್ ಮೊದಲಾದ ಪಟ್ಟಣಗಳೂ ಇದ್ದದ್ದು ಪೂರ್ವದ ಬಯಲಿನಲ್ಲಿ. ಪರ್ವತದ ಅಡಿಯಲ್ಲಿ ಸುಮಾರು 21 ಕಿಲೋಮೀಟರ್ ಉದ್ದದ ಸುರಂಗ ಕೊರೆದು ನೀರನ್ನು ಪೂರ್ವಕ್ಕೆ ತರುವ ಕೊಲರಾಡೊ-ಬಿಗ್ ಥಾಂಪ್ಸನ್ ಯೋಜನೆ ಸಿದ್ಧವಾಯಿತು. ಕಟ್ಟುವುದು ಅಲ್ಲಿನ ಕೇಂದ್ರ ಸರ್ಕಾರದ ನೀರಾವರಿ ಇಲಾಖೆಯಾದ ಬ್ಯೂರೋ ಆಫ್ ರಿಕ್ಲಮೇಶನ್. ಆದರೆ ವೆಚ್ಚದ ಒಂದು ಪಾಲನ್ನು ಸ್ಥಳೀಯರು ವರ್ಷಗಟ್ಟಲೆ ಕಂತಿನಲ್ಲಿ ತೀರಿಸಬೇಕಿತ್ತು. ನೂರಾರು ಕಾಲುವೆ ಕಂಪನಿಗಳ ಜೊತೆ, ಸಾವಿರಾರು ರೈತರ ಜೊತೆ ಬೇರೆಬೇರೆಯಾಗಿ ಕರಾರು ಮಾಡಿಕೊಳ್ಳಲು ಕೇಂದ್ರ ಒಪ್ಪುವಂತಿರಲಿಲ್ಲ. ಎಲ್ಲರ ಪರವಾಗಿ ಸಹಿ ಹಾಕುವ, ತೆರಿಗೆ ಎತ್ತಿ ಸಾಲ ತೀರಿಸುವ ಒಂದೇ ಸಂಸ್ಥೆ ಬೇಕಾಯಿತು. 1937ರ ಕಾಯ್ದೆ ಬಂದದ್ದು ಈ ಕಾರಣಕ್ಕೆ. ಅದೇ ವರ್ಷ ಸೆಪ್ಟೆಂಬರ್ 20ರಂದು ನಾರ್ದರ್ನ್ ಕೊಲರಾಡೊ ವಾಟರ್ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ನ್ಯಾಯಾಲಯದ ಡಿಕ್ರಿಯ, ಅಂದರೆ ವಿಚಾರಣೆಯ ನಂತರದ ಅಧಿಕೃತ ಆದೇಶದ ಮೂಲಕ ಅಸ್ತಿತ್ವಕ್ಕೆ ಬಂತು.

ಈ ಡಿಕ್ರಿಯ ವಿಷಯವೇ ನನ್ನ ಪತ್ರದ ಮುಖ್ಯ ಸಂಗತಿ. ಅಲ್ಲಿ ಇಂಥ ಸಂಸ್ಥೆಯನ್ನು ಸರ್ಕಾರ ತಾನಾಗಿ ಒಂದು ಅಧಿಸೂಚನೆ ಹೊರಡಿಸಿ ಹುಟ್ಟಿಸುವಂತಿಲ್ಲ, ಅಧಿಕಾರಿಯೊಬ್ಬರು ನೋಂದಣಿ ಸಂಖ್ಯೆ ಕೊಟ್ಟು ಹುಟ್ಟಿಸುವಂತೆಯೂ ಇಲ್ಲ. ಆ ಪ್ರದೇಶದ ಭೂಮಾಲೀಕರೇ ಮುಂದೆ ಬಂದು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ದೊಡ್ಡ ಪ್ರದೇಶವಾದರೆ ಆ ಅರ್ಜಿಗೆ ನೀರಾವರಿ ಜಮೀನಿನ ಕನಿಷ್ಠ 1,500 ಮಾಲೀಕರ ಸಹಿ ಬೇಕು. ಅಷ್ಟೇ ಸಾಲದು, ಖುಷ್ಕಿ ಜಮೀನು ಅಥವಾ ಪಟ್ಟಣದೊಳಗಿನ ಆಸ್ತಿ ಇರುವ ಕನಿಷ್ಠ 500 ಮಾಲೀಕರೂ ಸಹಿ ಹಾಕಿರಬೇಕು. ಸಣ್ಣ ಪ್ರದೇಶಕ್ಕೆ ಸಂಖ್ಯೆಯ ಬದಲು ಶೇಕಡಾವಾರು ಲೆಕ್ಕವಿದೆ. ಕಾಲುವೆ ನೀರು ನೇರವಾಗಿ ಮುಟ್ಟದ ಪೇಟೆಯ ಅಂಗಡಿಯವನ ಒಪ್ಪಿಗೆಯನ್ನೂ ಕಾನೂನು ಕೇಳಿದ್ದರ ಹಿಂದೆ ಸರಳ ನ್ಯಾಯವಿದೆ. ನೀರು ಬಂದರೆ ಇಡೀ ಸೀಮೆಯ ಆಸ್ತಿಯ ಬೆಲೆ ಏರುತ್ತದೆ, ಹಾಗಾಗಿ ಇಡೀ ಸೀಮೆಯ ಆಸ್ತಿಯ ಮೇಲೆ ತೆರಿಗೆ ಬೀಳುತ್ತದೆ. ತೆರಿಗೆ ಕೊಡುವವರು ಎರಡು ಬಗೆಯವರಾದ್ದರಿಂದ ಎರಡೂ ಬಗೆಯವರ ಒಪ್ಪಿಗೆ ಬೇರೆಬೇರೆಯಾಗಿ ಸಾಬೀತಾಗಬೇಕು.

ಅರ್ಜಿಯಲ್ಲಿ ಏನಿರಬೇಕು ಎಂಬುದನ್ನೂ ಕಾಯ್ದೆ ಬಿಡಿಸಿ ಹೇಳುತ್ತದೆ. ಸಂಸ್ಥೆಯ ಹೆಸರು, ಉದ್ದೇಶ, ಅದರಿಂದ ಆ ಪ್ರದೇಶದ ಆಸ್ತಿಗೆ ಹೇಗೆ ಪ್ರಯೋಜನವಾಗುತ್ತದೆ ಎಂಬ ವಿವರಣೆ, ಗಡಿಯೊಳಗಿನ ನೀರಾವರಿ ಜಮೀನಿನ ಒಟ್ಟು ತೆರಿಗೆ ಮೌಲ್ಯ (ತೆರಿಗೆಗಾಗಿ ಅಂದಾಜಿಸಿದ ಬೆಲೆ), ಯಾವ ಯಾವ ಭಾಗದಿಂದ ಎಷ್ಟೆಷ್ಟು ನಿರ್ದೇಶಕರು ಎಂಬ ಹಂಚಿಕೆ ಇವೆಲ್ಲ ಅರ್ಜಿಯಲ್ಲೇ ಇರಬೇಕು. ಗಡಿಯ ವಿಚಾರದಲ್ಲಿ ಕಾನೂನು ತೋರಿದ ವಿವೇಕ ನನಗೆ ಬಹಳ ಮೆಚ್ಚುಗೆಯಾಯಿತು. ಪ್ರತಿ ಸರ್ವೆ ಕಲ್ಲನ್ನೂ ನಮೂದಿಸಬೇಕಿಲ್ಲ, ಆದರೆ ಒಬ್ಬ ಸಾಮಾನ್ಯ ಮಾಲೀಕ ಆ ವಿವರಣೆಯನ್ನು ಓದಿ ತನ್ನ ಜಮೀನು ಒಳಗೆ ಬರುತ್ತದೋ ಹೊರಗೆ ಉಳಿಯುತ್ತದೋ ಎಂದು ತಿಳಿದುಕೊಳ್ಳುವಷ್ಟು ಸ್ಪಷ್ಟವಾಗಿರಬೇಕು. ಅರ್ಜಿದಾರರು ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಪ್ರಯತ್ನ ಬಿದ್ದುಹೋದರೆ ನಡವಳಿಯ ಖರ್ಚು ಅವರ ಮೇಲೆಯೇ ಬರುತ್ತದೆ. ಇದರಿಂದ ಯಾರೋ ನಾಲ್ವರು ಪ್ರಭಾವಿಗಳು ಹಗುರವಾಗಿ ಅರ್ಜಿ ಹಾಕಿ ಸೀಮೆಯನ್ನೆಲ್ಲ ಕೋರ್ಟಿಗೆ ಎಳೆಯುವುದು ತಪ್ಪುತ್ತದೆ.

ಅರ್ಜಿ ಬಂದ ಮೇಲೆ ನ್ಯಾಯಾಲಯ 60 ದಿನಕ್ಕಿಂತ ಮೊದಲಲ್ಲ, 90 ದಿನಕ್ಕಿಂತ ತಡವಲ್ಲ ಎಂಬಂತೆ ವಿಚಾರಣೆಯ ದಿನ ಗೊತ್ತುಮಾಡಿ, ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಸಂಬಂಧಪಟ್ಟ ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಆಡಳಿತಗಳಿಗೆ ಅಂಚೆಯಲ್ಲಿ ತಿಳಿಸಬೇಕು. ಈ ಅವಧಿಯಲ್ಲಿ ವಿರೋಧಿಗಳಿಗೂ ಅವಕಾಶವಿದೆ. ಅರ್ಜಿಗೆ ಸಹಿ ಹಾಕದ ಮಾಲೀಕರಲ್ಲಿ ಕಾಯ್ದೆ ಹೇಳಿದಷ್ಟು ಪ್ರಮಾಣದವರು, ಅಂದರೆ ನೀರಾವರಿ ಜಮೀನಿನವರಲ್ಲೂ ಇತರ ಆಸ್ತಿದಾರರಲ್ಲೂ ಗೊತ್ತುಮಾಡಿದ ಶೇಕಡಾವಾರು ಮಂದಿ, ನಿಗದಿತ ಮೌಲ್ಯದ ಜಮೀನಿನೊಂದಿಗೆ ತಕರಾರು ಅರ್ಜಿಗೆ ಸಹಿ ಹಾಕಿ ಕಾಲಕ್ಕೆ ಸರಿಯಾಗಿ ಸಲ್ಲಿಸಿದರೆ, ಆ ಸಹಿಗಳು ನಿಜವೆಂದು ಕಂಡುಬಂದಲ್ಲಿ ನ್ಯಾಯಾಧೀಶರು ಮೂಲ ಅರ್ಜಿಯನ್ನೇ ವಜಾ ಮಾಡಬೇಕು. ಅಷ್ಟು ಮಂದಿ ಕೂಡದಿದ್ದರೂ, ಒಬ್ಬನೇ ಮಾಲೀಕ ಬಂದು ಅರ್ಜಿಯಲ್ಲಿ ಹೇಳಿದ ಸಂಗತಿಗಳು ಸುಳ್ಳು ಎಂದು ವಾದಿಸಬಹುದು. ಇಷ್ಟೆಲ್ಲ ದಾಟಿ ಡಿಕ್ರಿ ಬಂದ ಮೇಲೆ ಮಾತ್ರ ಕಾನೂನು ಬಾಗಿಲು ಮುಚ್ಚುತ್ತದೆ: ಸಂಸ್ಥೆಯ ಸ್ಥಾಪನೆಯೇ ಸರಿಯಿಲ್ಲ ಎಂದು ಆಮೇಲೆ ಯಾವ ತೆರಿಗೆದಾರನೂ ತಕರಾರು ತೆಗೆಯುವಂತಿಲ್ಲ, ರಾಜ್ಯ ಸರ್ಕಾರ ಮಾತ್ರ ಮೂರು ತಿಂಗಳೊಳಗೆ ಪ್ರಶ್ನಿಸಬಹುದು. ರಾಜ್ಯದ ಅಟಾರ್ನಿ ಜನರಲ್ ಹಾಗೆ ಪ್ರಶ್ನಿಸಿದಾಗ ಕೊಲರಾಡೊದ ಸರ್ವೋಚ್ಚ ನ್ಯಾಯಾಲಯ 1938ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು.

ನನ್ನ ತಿಳಿವಳಿಕೆಯ ಮಟ್ಟಿಗೆ, ಆ ಸಂಸ್ಥೆಗೆ ತೆರಿಗೆ ಹಾಕುವ ಧೈರ್ಯ ಬಂದದ್ದು ಈ ಕಠಿಣವಾದ ಹುಟ್ಟಿನಿಂದಲೇ. ತೆರಿಗೆಗೂ ಕಾಯ್ದೆ ಮಿತಿ ಹಾಕಿತ್ತು. ಕಾಮಗಾರಿಗಳಿಂದ ನೀರು ಸಿಗುವಂತಾಗುವ ಮೊದಲು ಆಸ್ತಿಯ ತೆರಿಗೆ ಮೌಲ್ಯದ ಸಾವಿರ ಡಾಲರಿಗೆ ಅರ್ಧ ಡಾಲರ್, ನಂತರ ಒಂದು ಡಾಲರ್. ಇದರ ಮೇಲೆ ನೀರು ಪಡೆಯುವ ಪಟ್ಟಣ, ಕಾಲುವೆ ಸಂಸ್ಥೆ ಮತ್ತು ರೈತರಿಂದ ಅವರವರ ಹಂಚಿಕೆಗೆ ತಕ್ಕ ಶುಲ್ಕ. 1938ರಲ್ಲಿ ಕೇಂದ್ರದೊಂದಿಗಿನ ಮರುಪಾವತಿ ಕರಾರನ್ನು ಮತ್ತೆ ಮತಕ್ಕೆ ಹಾಕಿ ಜನರ ಅನುಮೋದನೆ ಪಡೆಯಲಾಯಿತು. 1947ರಲ್ಲಿ ಸುರಂಗದಿಂದ ಮೊದಲ ನೀರು ಪೂರ್ವಕ್ಕೆ ಹರಿಯಿತು. ಆ ಯೋಜನೆ ವರ್ಷಕ್ಕೆ ಒದಗಿಸಬಹುದಾದ ಗರಿಷ್ಠ ನೀರು ನಮ್ಮ ಲೆಕ್ಕದಲ್ಲಿ ಸುಮಾರು 13.5 ಟಿಎಂಸಿ. ಭದ್ರಾ ಜಲಾಶಯದ 71.5 ಟಿಎಂಸಿ ಸಂಗ್ರಹದ ಐದನೇ ಒಂದು ಭಾಗವೂ ಅಲ್ಲ. ಅಷ್ಟು ನೀರಿಗಾಗಿ ಅವರು ಇಷ್ಟು ಜನರನ್ನು ಕೇಳಿದರು.

ನಮ್ಮಲ್ಲಿ ಆದದ್ದೇನು ನೋಡೋಣ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ಕಲ್ಪಿಸಲಾಯಿತು. ಸಂಘದ ಮೇಲೆ ವಿತರಣಾ ನಾಲೆ ಮಟ್ಟದ ಒಕ್ಕೂಟ, ಅದರ ಮೇಲೆ ಯೋಜನಾ ಮಟ್ಟದ ಒಕ್ಕೂಟ, ಎಲ್ಲಕ್ಕೂ ಮೇಲೆ ರಾಜ್ಯ ಮಟ್ಟದ ಒಕ್ಕೂಟ ಎಂಬ ನಾಲ್ಕು ಹಂತಗಳ ವ್ಯವಸ್ಥೆ ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಸಂಘಗಳು 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಬೇಕು, ಇಲಾಖೆಯೊಂದಿಗೆ ಒಡಂಬಡಿಕೆ ಮಾಡಿಕೊಂಡು ಸಗಟಾಗಿ ನೀರು ಪಡೆದು ಸದಸ್ಯರಿಗೆ ಹಂಚಬೇಕು, ನೀರಿನ ಕರ ವಸೂಲು ಮಾಡಬೇಕು. ಉದ್ದೇಶ ಒಳ್ಳೆಯದು. ಧಾರವಾಡದ ವಾಲ್ಮಿ ಎಂಬ ನೆಲ-ಜಲ ನಿರ್ವಹಣಾ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದು ಪ್ರಾಮಾಣಿಕವಾಗಿ ದುಡಿದ ಅಧ್ಯಕ್ಷರು, ಕಾರ್ಯದರ್ಶಿಗಳನ್ನು ನಾನು ಬಲ್ಲೆ. ಅವರ ಶ್ರಮವನ್ನು ಕೀಳುಗಳೆಯುವ ಮಾತು ಇದಲ್ಲ. ಆದರೆ ಸಹಕಾರ ಸಂಘ ಎಂದರೆ ಇಷ್ಟಪಟ್ಟವರು ಸೇರುವ ಸಂಸ್ಥೆ. ನೀರು ಇಷ್ಟಪಟ್ಟವರ ಗದ್ದೆಗೆ ಮಾತ್ರ ಹರಿಯುವ ವಸ್ತುವಲ್ಲ. ಒಂದೇ ತೂಬಿನ ಕೆಳಗೆ ಸದಸ್ಯನ ಗದ್ದೆಯೂ ಸದಸ್ಯನಲ್ಲದವನ ಗದ್ದೆಯೂ ಪಕ್ಕಪಕ್ಕದಲ್ಲಿರುವಾಗ, ಸದಸ್ಯನಲ್ಲದವನು ನಿರ್ಣಯಕ್ಕೆ ಬದ್ಧನಾಗುವುದಿಲ್ಲ, ಸಂಘಕ್ಕೆ ಅವನನ್ನು ಬದ್ಧಗೊಳಿಸುವ ಬಲವೂ ಇರುವುದಿಲ್ಲ.

ಒಂದು ಸಂಘದ ಸದಸ್ಯತ್ವದ ಪುಸ್ತಕವನ್ನು ಪ್ರಕರಣವೊಂದರ ಸಂಬಂಧ ಪುಟ ಪುಟ ತಿರುವಿ ನೋಡಬೇಕಾಗಿ ಬಂತು. ಸಂಘದ ಹೆಸರು ಇಲ್ಲಿ ಬೇಕಿಲ್ಲ. ಷೇರು ಹಣ ಪಾವತಿಯ ರಸೀದಿಗಳಲ್ಲಿ ಹೆಚ್ಚಿನವು ಒಂದೇ ದಿನದವು, ಒಂದೇ ಕೈಬರಹದವು. ಸದಸ್ಯರ ಸರ್ವೆ ನಂಬರುಗಳನ್ನು ನಾಲೆಯ ನಕ್ಷೆಯ ಮೇಲೆ ಗುರುತು ಮಾಡುತ್ತ ಹೋದಂತೆ, ಗುರುತುಗಳೆಲ್ಲ ವಿತರಣಾ ನಾಲೆಯ ಮೊದಲ ತೂಬುಗಳ ಸುತ್ತಲೇ ಗುಂಪಾದವು. ಕೊನೆಯ ಮೂರು ತೂಬುಗಳ ಕೆಳಗಿನ ರೈತರ ಹೆಸರು ಇಲ್ಲವೆನ್ನುವಷ್ಟು ಕಡಿಮೆ. ಸಂಘವನ್ನು ಕಟ್ಟಿದವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ನೋಂದಣಿಗೆ ಬೇಕಾದಷ್ಟು ಸದಸ್ಯರು, ಬೈಲಾ, ಷೇರು ಹಣ ಕೂಡಿದ ಮೇಲೆ ಕೊನೆಯ ಭಾಗದವರ ಬಾಗಿಲಿಗೆ ಹೋಗಿ ಕೇಳಬೇಕೆಂದು ಕಾನೂನೇ ಒತ್ತಾಯಿಸಲಿಲ್ಲ. ನೋಂದಣಿಯಾಯಿತು, ಕಾರ್ಯನಿರ್ವಹಣೆಯ ಅನುದಾನವೂ ಬಂತು, ಕಚೇರಿಗೆ ಬಣ್ಣವೂ ಬಿತ್ತು. ನೀರು ಹಂಚುವ ಪ್ರಸಂಗ ಬಂದಾಗ ಮಾತ್ರ, ಈ ಸಂಘ ನಮ್ಮದಲ್ಲ ಎಂದು ಕೊನೆಯ ಭಾಗದವರು ಹೇಳಿದ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ಕೊನೆಯ ಭಾಗದ ಕಷ್ಟ ಗೊತ್ತಿಲ್ಲದವರಿಗೆ ಒಂದು ಮಾತು. ನೀರು ಬಿಟ್ಟ ಹತ್ತಾರು ದಿನಗಳ ನಂತರವೂ ನಮ್ಮ ಹೊಲಗಾಲುವೆಯ ತಳ ಒಣಗಿದ್ದು, ಮೇಲಿನ ಭಾಗದಲ್ಲಿ ನಾಲೆಗೇ ಇಟ್ಟ ಪಂಪ್‌ಸೆಟ್‌ಗಳು ರಾತ್ರಿಯೆಲ್ಲ ಓಡುತ್ತಿರುವ ಸುದ್ದಿ ಕೇಳಿ, ನಾಲೆಯ ನೀರು ನೋಡಿಕೊಳ್ಳುವ ಸೌಡಿಯನ್ನು ಕರೆದುಕೊಂಡು ಟಾರ್ಚ್ ಹಿಡಿದು ನಾಲೆಯ ಏರಿಯ ಮೇಲೆ ನಡೆಯುವುದು ಇಲ್ಲಿನ ಭತ್ತದ ರೈತರಿಗೆ ಹೊಸದೇನಲ್ಲ. ಬಡ ಸೌಡಿಗೆ ಯಾರ ಪಂಪನ್ನೂ ನಿಲ್ಲಿಸುವ ಅಧಿಕಾರವಿಲ್ಲ. ಸಂಘದ ಅಧ್ಯಕ್ಷರಿಗೂ ಇಲ್ಲ. ದೂರು ಕೊಟ್ಟರೆ ಇಲಾಖೆ ಪೊಲೀಸರತ್ತ ಕೈತೋರಿಸುತ್ತದೆ, ಪೊಲೀಸರು ವಿದ್ಯುತ್ ಕಂಪನಿ ಬೆಸ್ಕಾಂನತ್ತ ತೋರಿಸುತ್ತಾರೆ. ಎಲ್ಲರ ಒಪ್ಪಿಗೆಯ ಆಧಾರದ ಮೇಲೆ, ಎಲ್ಲರ ಎದುರಿಗೆ, ನ್ಯಾಯಾಲಯದ ಮುದ್ರೆಯೊಂದಿಗೆ ಹುಟ್ಟಿದ ಸಂಸ್ಥೆಗೆ ಕಾನೂನು ಆ ಅಧಿಕಾರವನ್ನು ಧೈರ್ಯವಾಗಿ ಕೊಡಬಹುದು. ಇಂದಿನ ಸಂಘಗಳಿಗೆ ಅದನ್ನು ಕೊಡಲು ಸರ್ಕಾರ ಹಿಂಜರಿಯುತ್ತಿದ್ದರೆ ಆ ಹಿಂಜರಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ.

ನೆರೆಯ ರಾಜ್ಯಗಳು ಬೇರೆ ದಾರಿ ಹಿಡಿದಿವೆ. ಅವಿಭಜಿತ ಆಂಧ್ರಪ್ರದೇಶ 1997ರಲ್ಲಿ ಮಾಡಿದ ಕಾನೂನು, ಗುರುತಿಸಿದ ನೀರಿನ ಪ್ರದೇಶದೊಳಗಿನ ಭೂಮಾಲೀಕರೆಲ್ಲರನ್ನೂ ತಾನಾಗಿಯೇ ಸಂಘದ ಸದಸ್ಯರನ್ನಾಗಿ ಮಾಡಿ, ಚುನಾವಣೆ ನಡೆಸಿತು. ಸದಸ್ಯನಲ್ಲದವನ ಸಮಸ್ಯೆ ಅಲ್ಲಿ ಇಲ್ಲ. ಆದರೆ ಸಂಘ ಬೇಕೇ ಎಂದು ರೈತನನ್ನು ಯಾರೂ ಕೇಳಲಿಲ್ಲ. ಗಡಿ ಗುರುತಿಸಿದ್ದು ಸರ್ಕಾರ, ಘೋಷಿಸಿದ್ದು ಸರ್ಕಾರ. ಮಹಾರಾಷ್ಟ್ರ 2005ರ ಕಾಯ್ದೆಯಲ್ಲಿ ಅಳತೆಯ ಮೇಲೆ ನೀರು ಕೊಡುವ ಮತ್ತು ಪ್ರತಿ ಸಂಘಕ್ಕೆ ನೀರಿನ ಹಕ್ಕಿನ ಪಾಲನ್ನು ಗೊತ್ತುಮಾಡುವ ಹೆಜ್ಜೆ ಇಟ್ಟಿತು. ನಾಸಿಕ್ ಜಿಲ್ಲೆಯ ವಾಘಾಡ್ ಯೋಜನೆಯ ಸಂಘಗಳ ಹೆಸರು ಇಂದಿಗೂ ಉದಾಹರಣೆಯಾಗಿ ಕೇಳಿಬರುತ್ತದೆ. ಅಲ್ಲಿ ರೈತರು ಕಾಯ್ದೆಗಿಂತ ಮೊದಲೇ ಒಟ್ಟಾಗಿ ಸಂಘ ಕಟ್ಟಿಕೊಂಡಿದ್ದರು. ನಮ್ಮ ನಾಡಿಗೂ ಇಂಥ ನೆನಪಿದೆ. ಮೈಸೂರು ಸಂಸ್ಥಾನ 1911ರಷ್ಟು ಹಿಂದೆಯೇ ಕೆರೆ ಪಂಚಾಯಿತಿಗಳಿಗಾಗಿ ಕಾನೂನು ಮಾಡಿತ್ತು. ಸಂವಿಧಾನದ 11ನೇ ಅನುಸೂಚಿ ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿಯನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಸಾಲಿನಲ್ಲಿಟ್ಟಿದೆ. ಆದರೆ ವಿತರಣಾ ನಾಲೆಯೊಂದು ಹಲವು ಗ್ರಾಮ ಪಂಚಾಯಿತಿಗಳನ್ನು, ಕೆಲವೊಮ್ಮೆ ಎರಡು ತಾಲ್ಲೂಕುಗಳನ್ನು ದಾಟಿ ಹೋಗುತ್ತದೆ. ನೀರಿನ ಗಡಿ ಮತ್ತು ಪಂಚಾಯಿತಿಯ ಗಡಿ ಒಂದೇ ಆಗಿರುವುದಿಲ್ಲ. ಪಂಚಾಯಿತಿಯನ್ನು ಜೊತೆಗಿಟ್ಟುಕೊಂಡೇ ನೀರಿಗೆ ಬೇರೆ ಗಡಿಯ ಸಂಸ್ಥೆ ಬೇಕಾಗುತ್ತದೆ.

ಇದಕ್ಕೆ ರಾಜ್ಯ ಶಾಸಕಾಂಗಕ್ಕೆ ಅಧಿಕಾರವಿದೆಯೇ ಎಂದು ಕೇಳಿದರೆ, ಇದೆ. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 17ನೇ ನಮೂದು ನೀರು ಸರಬರಾಜು, ನೀರಾವರಿ, ಕಾಲುವೆ, ಒಡ್ಡು, ನೀರಿನ ಸಂಗ್ರಹಗಳನ್ನು ರಾಜ್ಯಕ್ಕೆ ಕೊಟ್ಟಿದೆ. ಅಂತರರಾಜ್ಯ ನದಿಗಳ ವಿಷಯದಲ್ಲಿ ಕೇಂದ್ರ ಪಟ್ಟಿಯ 56ನೇ ನಮೂದಿಗೆ ಅದು ಒಳಪಟ್ಟಿರುತ್ತದೆ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಎಂದು 265ನೇ ವಿಧಿ ಹೇಳುವುದರಿಂದ, ಸಂಸ್ಥೆ ಎತ್ತಬಹುದಾದ ಕರದ ಮೇಲ್ಮಿತಿ ಕಾಯ್ದೆಯಲ್ಲೇ ಇರಬೇಕು, ಬೈಲಾದಲ್ಲಿ ಇದ್ದರೆ ಸಾಲದು.

ಕೊಲರಾಡೊದಿಂದ ನಾವು ಬಿಡಬೇಕಾದದ್ದನ್ನೂ ಹೇಳಬೇಕು. ಅಲ್ಲಿ ಅರ್ಜಿಗೆ ಸಹಿ ಹಾಕುವ ಹಕ್ಕು ಮಾಲೀಕರಿಗಷ್ಟೇ. ಇದನ್ನು ಹಾಗೆಯೇ ತಂದರೆ ಇಲ್ಲಿ ಅನ್ಯಾಯವಾಗುತ್ತದೆ. ನಮ್ಮ ಭಾಗದ ಎಷ್ಟೋ ಪಹಣಿಗಳು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗದೆ ಮೂರು ಪಾಲಾಗಿ ಉಳುಮೆ ನಡೆದಿರುತ್ತದೆ. ಗಂಡ ತೀರಿದ ಮೇಲೆ ಗದ್ದೆಯನ್ನು ತಾನೇ ನೋಡಿಕೊಳ್ಳುವ ಹೆಣ್ಣುಮಗಳ ಹೆಸರು ಕಾಗದದಲ್ಲಿ ಎಲ್ಲಿಯೂ ಬಂದಿರುವುದಿಲ್ಲ. ಕಾನೂನು ಗೇಣಿಯನ್ನು ರದ್ದು ಮಾಡಿದ್ದರೂ ಬಾಯಿಮಾತಿನ ಗುತ್ತಿಗೆಯಲ್ಲಿ ಭತ್ತ ಬೆಳೆಯುವ ಬಡವರು ಊರೂರಲ್ಲಿದ್ದಾರೆ. ಕೈಕೊಟ್ಟ ನೀರಿನ ನಷ್ಟವನ್ನು ಮೊದಲು ಹೊರುವವರು ಅವರೇ, ಕರ ಕಟ್ಟುವಾಗಲೂ ಹಣ ಅವರ ಕೈಯಿಂದಲೇ ಹೋಗುತ್ತದೆ. ಆದ್ದರಿಂದ ಖಾತೆದಾರರ ಜೊತೆಗೆ, ಗ್ರಾಮ ಪಂಚಾಯಿತಿ ಮತ್ತು ಗ್ರಾಮ ಆಡಳಿತಾಧಿಕಾರಿ ಸ್ಥಳದಲ್ಲಿ ದೃಢೀಕರಿಸಿದ ಉಳುಮೆದಾರರಿಗೂ ಸಹಿಯ ಹಕ್ಕು ಇರಬೇಕು. ಪಹಣಿ ಗಣಕೀಕರಣವಾಗಿ ವರ್ಷಗಳೇ ಕಳೆದಿರುವಾಗ ಸಹಿಗಳನ್ನು ದಾಖಲೆಯೊಂದಿಗೆ ತಾಳೆ ನೋಡುವುದು ಕಷ್ಟದ ಕೆಲಸವಲ್ಲ.

ನಿರ್ದೇಶಕರನ್ನು ನ್ಯಾಯಾಧೀಶರು ನೇಮಿಸುವ ಕೊಲರಾಡೊದ ಪದ್ಧತಿಯೂ ನನಗೆ ಒಪ್ಪಿಗೆಯಲ್ಲ. ರಾಜಕೀಯದಿಂದ ದೂರವಿಡುವ ಉದ್ದೇಶ ಅದರ ಹಿಂದೆ ಇದ್ದಿರಬಹುದು. ಆದರೂ ಕರ ಹಾಕುವ ಮಂಡಳಿಯನ್ನು ಕರ ಕೊಡುವವರು ಆರಿಸುವುದೇ ಸರಿ. ಅರ್ಜಿಯಲ್ಲೇ ನಾಲೆಯ ಮೇಲಿನ, ನಡುವಿನ, ಕೊನೆಯ ಭಾಗಗಳಿಗೆ ಸಮನಾದ ಸ್ಥಾನಗಳನ್ನು ಗೊತ್ತುಮಾಡಿ, ಆಯಾ ಭಾಗದವರೇ ಆರಿಸುವಂತೆ ಮಾಡಿದರೆ ಕೊನೆಯ ಭಾಗದವನ ಮಾತು ಮಂಡಳಿಯಲ್ಲಿ ಕೇಳಿಸುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಗಂಭೀರವಾದದ್ದು. ಅಲ್ಲಿ ನೀರಿನ ಹಂಚಿಕೆಯ ಪಾಲುಗಳನ್ನು ಮಾರಬಹುದು. ಮೊದಲು ಬಹುಪಾಲು ರೈತರ ಕೈಯಲ್ಲಿದ್ದ ಆ ಪಾಲುಗಳಲ್ಲಿ ಹೆಚ್ಚಿನವು ಇಂದು ನಗರಗಳ ಮತ್ತು ಕೈಗಾರಿಕೆಗಳ ಕೈಸೇರಿವೆ. ದಾವಣಗೆರೆ, ಚಿತ್ರದುರ್ಗದಂಥ ಊರುಗಳ ಕುಡಿಯುವ ನೀರಿನ ಬೇಡಿಕೆ ನ್ಯಾಯವಾದದ್ದೇ; ಅದಕ್ಕೆ ಸರ್ಕಾರ ಪಾರದರ್ಶಕವಾಗಿ ಪಾಲು ತೆಗೆದಿಡಲಿ. ಆದರೆ ಗದ್ದೆಗೆ ಹೊಂದಿಕೊಂಡ ನೀರಿನ ಪಾಲು ಮಾರಾಟದ ಸರಕಾಗಲು ಕಾಯ್ದೆಯಲ್ಲಿ ಆಸ್ಪದ ಇರಲೇಬಾರದು.

ಆ ಕಾಯ್ದೆಯಲ್ಲಿ ಇನ್ನೊಂದು ಷರತ್ತಿದೆ, ಅದನ್ನು ನಮ್ಮ ನಾಡಿನಲ್ಲಿ ಎಲ್ಲರೂ ಗಮನಿಸಬೇಕು. ಕೊಲರಾಡೊ ನದಿಯ ಸಹಜ ಕಣಿವೆಯಿಂದ ನೀರನ್ನು ಹೊರಗೆ ಒಯ್ಯುವ ಡಿಸ್ಟ್ರಿಕ್ಟ್, ಆ ಕಣಿವೆಯ ಈಗಿನ ಬಳಕೆಗೂ ಮುಂದಿನ ಅಗತ್ಯಕ್ಕೂ ಧಕ್ಕೆಯಾಗದಂತೆ, ಅವುಗಳ ವೆಚ್ಚ ಏರದಂತೆ ತನ್ನ ಕಾಮಗಾರಿಗಳನ್ನು ರೂಪಿಸಬೇಕು. ಈ ಷರತ್ತಿನ ಫಲವಾಗಿಯೇ ಸುಮಾರು 6.6 ಟಿಎಂಸಿ ಸಾಮರ್ಥ್ಯದ ಗ್ರೀನ್ ಮೌಂಟನ್ ಜಲಾಶಯವನ್ನು ಪಶ್ಚಿಮದವರಿಗಾಗಿ ಮೊದಲು ಕಟ್ಟಲಾಯಿತು. 1943ರ ಹೊತ್ತಿಗೆ ಅದು ಮುಗಿದಿತ್ತು, ಪೂರ್ವಕ್ಕೆ ನೀರು ಹರಿದದ್ದು ಅದಾದ ಮೇಲೆ. ಪಶ್ಚಿಮ ಘಟ್ಟದ ಹೊಳೆಗಳ 24 ಟಿಎಂಸಿ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಬಗ್ಗೆ ದಕ್ಷಿಣ ಕನ್ನಡದವರು ಕೇಳುತ್ತಿರುವ ಪ್ರಶ್ನೆ ಇದೇ. ಕೋಲಾರ, ಚಿಕ್ಕಬಳ್ಳಾಪುರದ ಜನರ ದಾಹವೂ ನಿಜ, ನೇತ್ರಾವತಿ ತೀರದವರ ಆತಂಕವೂ ನಿಜ. ನೀರು ಕೊಡುವ ಸೀಮೆಗೆ ಮೊದಲು ಏನು ಸಲ್ಲಬೇಕು ಎಂಬುದು ಕಾನೂನಿನಲ್ಲಿ ಬರೆದಿದ್ದರೆ, ಇಬ್ಬರೂ ಒಬ್ಬರನ್ನೊಬ್ಬರು ಶತ್ರುಗಳಂತೆ ನೋಡಬೇಕಾಗುತ್ತಿರಲಿಲ್ಲ.

ಕರ ಹಾಕುವ ರೀತಿಯ ಬಗ್ಗೆ ಒಹಾಯೊ ರಾಜ್ಯದ ಅನುಭವವನ್ನೂ ನೋಡಬಹುದು. 1913ರ ಮಾರ್ಚ್ ತಿಂಗಳ ಪ್ರವಾಹದಲ್ಲಿ ಡೇಟನ್ ನಗರ ಮುಳುಗಿ ಆ ಕಣಿವೆಯಲ್ಲಿ ನೂರಾರು ಜನ ಸತ್ತ ಮೇಲೆ, 1914ರಲ್ಲಿ ಅಲ್ಲಿ ಕನ್ಸರ್ವೆನ್ಸಿ ಕಾಯ್ದೆ ಬಂತು. 1915ರಲ್ಲಿ ಮಯಾಮಿ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ಸ್ಥಾಪನೆಯಾಯಿತು. ಹಲವು ಕೌಂಟಿಗಳಿಗೆ ಹರಡಿದ ಪ್ರದೇಶವಾದ್ದರಿಂದ ಪ್ರತಿ ಕೌಂಟಿಯಿಂದ ಒಬ್ಬೊಬ್ಬ ನ್ಯಾಯಾಧೀಶರು ಸೇರಿ ಅರ್ಜಿಯ ವಿಚಾರಣೆ ನಡೆಸಿದರು. ಪ್ರತಿ ಆಸ್ತಿಗೂ ಎಷ್ಟು ಪ್ರಯೋಜನ ಎಂದು ಬೇರೆಬೇರೆ ಅಂದಾಜು ಮಾಡಿ, ಮಾಲೀಕರ ಆಕ್ಷೇಪಗಳನ್ನು ಕೇಳಿ, ಪ್ರಯೋಜನಕ್ಕೆ ತಕ್ಕಂತೆ ಮಾತ್ರ ಹಣ ಎತ್ತಿದರು. ಆ ಹಣದಿಂದ ಕಟ್ಟಿದ ಐದು ಅಣೆಕಟ್ಟುಗಳು 1922ರ ಹೊತ್ತಿಗೆ ಪೂರ್ಣಗೊಂಡವು, ಇಂದಿಗೂ ಕೆಲಸ ಮಾಡುತ್ತಿವೆ. ಬೆಳೆ ನೋಡಿ ಎಕರೆಗೆ ಇಷ್ಟು ಎಂಬ ದರಕ್ಕೆ ಒಗ್ಗಿಕೊಂಡಿರುವ ನಾವು ಇದನ್ನು ಆಲೋಚಿಸಬೇಕು. ಮೇಲಿನ ಭಾಗದಲ್ಲಿ ಬೇಕಾದಷ್ಟು ನೀರು ಎತ್ತುವವನೂ, ಕೊನೆಯ ಭಾಗದಲ್ಲಿ ಅದೇ ಬೆಳೆಗೆ ಸರಿಯಾಗಿ ನೀರು ಕಾಣದವನೂ ಒಂದೇ ದರ ಕೊಡುವುದರಲ್ಲಿ ನ್ಯಾಯವಿಲ್ಲ.

ನನ್ನ ಕೋರಿಕೆ ಇಷ್ಟು. ನೀರಾವರಿ ಕಾಯ್ದೆಯ ಬಳಕೆದಾರರ ಸಂಘಗಳ ಅಧ್ಯಾಯವನ್ನು ಸರ್ಕಾರ ಮತ್ತೆ ತೆರೆಯಲಿ. ಸಂಸ್ಥೆಯ ಗಡಿಯನ್ನು ವಿತರಣಾ ನಾಲೆಯ ಅಚ್ಚುಕಟ್ಟಿನ ಆಧಾರದ ಮೇಲೆ ಗುರುತಿಸಿ, ಸರ್ವೆ ನಂಬರುಗಳ ಪಟ್ಟಿ ಮತ್ತು ನಕ್ಷೆಯನ್ನು ಪ್ರತಿ ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೂ ನಾಡಕಚೇರಿಗೂ ಹಚ್ಚಬೇಕೆಂದು ಕಾಯ್ದೆ ಹೇಳಲಿ. ಒಟ್ಟು ಖಾತೆದಾರರು ಮತ್ತು ಉಳುಮೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸಹಿ ಇರಬೇಕು, ಅದರ ಜೊತೆಗೆ ಕೊನೆಯ ಭಾಗದವರಲ್ಲೂ ಪ್ರತ್ಯೇಕವಾಗಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿರಬೇಕು ಎಂಬ ನಿಯಮ ಬರಲಿ. ತಕರಾರು ಸಲ್ಲಿಸಲು ಸಾಕಷ್ಟು ಕಾಲಾವಕಾಶ ಕೊಟ್ಟು, ಸುಗ್ಗಿ ಅಥವಾ ನಾಟಿಯ ಸಮಯವಲ್ಲದ ದಿನಗಳಲ್ಲಿ, ತಾಲ್ಲೂಕು ಕೇಂದ್ರದಲ್ಲೇ ವಿಚಾರಣೆ ನಡೆಯಲಿ. ಆ ವಿಚಾರಣೆ ನೀರಾವರಿ ಇಲಾಖೆಯ ಅಧಿಕಾರಿಯ ಮುಂದೆ ನಡೆಯಬಾರದು, ಸಹಕಾರ ಇಲಾಖೆಯ ಅಧಿಕಾರಿಯ ಮುಂದೆಯೂ ಬೇಡ, ನ್ಯಾಯಾಧೀಶರ ಮುಂದೆಯೇ ನಡೆಯಬೇಕು. ಜಿಲ್ಲಾ ನ್ಯಾಯಾಲಯಗಳ ಮೇಲೆ ಈಗಲೇ ಹೊರೆ ಹೆಚ್ಚು ಎಂಬುದನ್ನು ದಿನವೂ ಅಲ್ಲಿ ನಿಲ್ಲುವ ನಾನು ಚೆನ್ನಾಗಿ ಬಲ್ಲೆ. ಆದರೆ ಒಂದು ಅಚ್ಚುಕಟ್ಟಿಗೆ ಇಂಥ ವಿಚಾರಣೆ ಒಮ್ಮೆ ನಡೆದರೆ ಸಾಕು. ಅದು ನಡೆಯದ ಕಾರಣಕ್ಕೆ ಹುಟ್ಟುವ ಬದುವಿನ ಜಗಳಗಳು, ಪಂಪ್‌ಸೆಟ್ ಪ್ರಕರಣಗಳು, ತಡೆಯಾಜ್ಞೆಗಳು ಅದೇ ನ್ಯಾಯಾಲಯಗಳ ಮುಂದೆ ವರ್ಷವರ್ಷವೂ ಬರುತ್ತಿವೆ.

ಹೀಗೆ ಡಿಕ್ರಿ ಪಡೆದ ಸಂಸ್ಥೆಗೆ ಆ ಪ್ರದೇಶದ ಎಲ್ಲ ಬಳಕೆದಾರರೂ ತಾನಾಗಿಯೇ ಸದಸ್ಯರಾಗಬೇಕು. ಅಳತೆ ಮಾಡಿ ನೀರು ಕೊಡುವ ಕರಾರಿಗೆ ಇಲಾಖೆ ಕಟ್ಟುಬೀಳಬೇಕು, ಕೊಡದಿದ್ದರೆ ಸಂಸ್ಥೆ ದಾವೆ ಹೂಡುವಂತಿರಬೇಕು. ನಾಲೆಯಿಂದ ಅಕ್ರಮವಾಗಿ ನೀರು ಎತ್ತುವುದನ್ನು ನಿಲ್ಲಿಸುವ, ದಂಡ ಹಾಕುವ ಅಧಿಕಾರ ಅದಕ್ಕೆ ಇರಬೇಕು. ಈಗಿರುವ ಸಂಘಗಳನ್ನು ರದ್ದು ಮಾಡುವ ಅಗತ್ಯವಿಲ್ಲ. ಎರಡು ಮೂರು ವರ್ಷಗಳ ಕಾಲಾವಕಾಶ ಕೊಟ್ಟು, ಕೊನೆಯ ಭಾಗದವರ ಸಹಿಯೊಂದಿಗೆ ಹೊಸ ವಿಧಾನದಲ್ಲಿ ಅರ್ಜಿ ಹಾಕಲು ಅವುಗಳಿಗೇ ಮೊದಲ ಅವಕಾಶ ನೀಡಬಹುದು.

ಭದ್ರಾ ಬಲದಂಡೆಯ ಒಂದು ವಿತರಣಾ ನಾಲೆಯನ್ನು ಆರಿಸಿಕೊಂಡು ಈ ವಿಧಾನವನ್ನು ಪ್ರಯೋಗಕ್ಕೆ ಒಡ್ಡುವಂತೆ ಜಲಸಂಪನ್ಮೂಲ ಸಚಿವರನ್ನೂ ನಮ್ಮ ಭಾಗದ ಶಾಸಕರನ್ನೂ ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ. ನಾಲೆಯ ಮೇಲಿನ ಭಾಗದ ರೈತ ಬಂಧುಗಳು ಈ ಪ್ರಸ್ತಾಪದ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ತಿಳಿಯಲು ನನಗೆ ಹೆಚ್ಚು ಆಸಕ್ತಿಯಿದೆ. ಅವರ ಆಕ್ಷೇಪಗಳಿಗೂ ತಾವು ಪತ್ರಿಕೆಯಲ್ಲಿ ಜಾಗ ಕೊಡಬೇಕೆಂದು ವಿನಂತಿ.

ಇಂತಿ,
ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ಒಬ್ಬ ರೈತ ಮತ್ತು ವಕೀಲ,
ದಾವಣಗೆರೆ ಜಿಲ್ಲೆ